ಲಾಂಚಿನ ಮಕ್ಕಳಿಗೆ ರೈಲಿನ ಪ್ರಬಂಧ

ಶಿವಮೊಗ್ಗದಲ್ಲಿ ಶಾಲೆ ಮಕ್ಕಳಿಗೆ ನಡೆದ ಇಂಗ್ಲಿಷ್ ಪ್ರಬಂಧ ಕಾರ್ಯಾಗಾರದ ಫೋಟೊ ನೀವೂ ನೋಡಿರುತ್ತೀರಿ. ಪೇಪರಲ್ಲಿ ತಪ್ಪಿದ್ದರೂ ಫ್ಯಾಮಿಲಿ ಗ್ರೂಪಿನಲ್ಲಿ ತಪ್ಪಿರಲಿಕ್ಕಿಲ್ಲ. ‘ಆಕರ್ಷಕವಾಗಿ ಇಂಗ್ಲಿಷ್ ಪ್ರಬಂಧ ಬರೆಯುವುದು ಹೇಗೆ?’ ಅಂತ ಹಿಂದೆ ಬ್ಯಾನರು. ಮುಂದೆ ವೇದಿಕೆ ತುಂಬ ಗಣ್ಯರು. ಅಷ್ಟೂ ಜನ ಸೇರಿ ಒಂದು ದೀಪ ಹಚ್ಚುತ್ತಿದ್ದಾರೆ. ದೀಪ ಕಾಣುತ್ತಿಲ್ಲ, ಶಾಲುಗಳು ಕಾಣುತ್ತಿವೆ. ಮೂಲೆಯಲ್ಲಿ ಸ್ವಲ್ಪ ಮಸುಕಾಗಿ ಎರಡು ಸಾಲು ಮಕ್ಕಳ ತಲೆ.

ಇಂಥ ಕೆಲಸವನ್ನು ಹೊಗಳಲೇಬೇಕು. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟಕರ ಪರಿಚಯ, ಉದ್ಘಾಟನೆ, ಸನ್ಮಾನ, ಸನ್ಮಾನಕ್ಕೆ ಉತ್ತರ. ಇಷ್ಟು ಮುಗಿಯುವಾಗ ಪಲಾವು ಆರಿ ಹೋಗಿತ್ತಂತೆ. ಓದುವವರಿಗೆ ಆಕಳಿಕೆ ಬಾರದ ಹಾಗೆ ಬರೆಯೋದನ್ನು ಕಲಿಯಲು ಮೊದಲನೇ ಬಸ್ಸು ಹಿಡಿದು ಬಂದ ಮಕ್ಕಳು, ಒಬ್ಬರ ಭುಜದ ಮೇಲೆ ಒಬ್ಬರು ತಲೆ ಇಟ್ಟು ನಿದ್ದೆ ಹೋದರು. ಭಾಷಣ ಹೇಗಿರಬಾರದು ಅಂತ ಪ್ರಾತ್ಯಕ್ಷಿಕೆ ಸಮೇತ ತೋರಿಸಿದ್ದಕ್ಕೆ ಸಂಘಟಕರಿಗೆ ಅಭಿನಂದನೆ.

ಅತಿಥಿಗಳೊಬ್ಬರು ಕುವೆಂಪು ಕಥೆ ಹೇಳಿದರಂತೆ. ನಮ್ಮ ಜಿಲ್ಲೆಯಲ್ಲಿ ಮೈಕು ಹಿಡಿದವರು ಕುಪ್ಪಳಿಗೆ ಒಂದು ಸುತ್ತು ಹೋಗಿ ಬರದೆ ಕೂರುವುದಿಲ್ಲ. ತೀರ್ಥಹಳ್ಳಿ ಕಡೆಯ ಹುಡುಗ ಮೈಸೂರಿಗೆ ಹೋದ, ಇಂಗ್ಲಿಷಿನಲ್ಲಿ ಕವನ ಬರೆದ, 1922ರಲ್ಲಿ ಸಂಕಲನವೂ ಬಂತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಓದಿ, ನಿನ್ನ ಭಾಷೆಯಲ್ಲೇ ಬರಿ ಮಾರಾಯ ಅಂದರು. ಆಮೇಲಿನದು ನಿಮಗೆ ಗೊತ್ತು. ಈ ಕಥೆಯನ್ನು ಕಣ್ಣು ಒದ್ದೆ ಮಾಡಿಕೊಂಡು ಹೇಳಿದ ಅತಿಥಿಗಳು, ಅದೇ ಉಸಿರಿನಲ್ಲಿ ಇಂಗ್ಲಿಷ್ ಪ್ರಬಂಧ ಕಾರ್ಯಾಗಾರ ಉದ್ಘಾಟನೆಯಾಗಿದೆ ಅಂತ ಘೋಷಿಸಿದರು. ಚಪ್ಪಾಳೆ ಜೋರಾಗಿ ಬಿತ್ತಂತೆ. ಕಸಿನ್ಸ್ ಸಾಹೇಬರು ಇದ್ದಿದ್ದರೆ ಅವರಿಗೂ ಒಂದು ಶಾಲು ಗ್ಯಾರಂಟಿ.

ಊಟ ಆದ ಮೇಲೆ ಸೂತ್ರಗಳು ಬಂದವು. ಮೊದಲ ವಾಕ್ಯ ಗಾಳದ ಹಾಗೆ ಇರಬೇಕು. ದೊಡ್ಡವರ ಮಾತೊಂದನ್ನು ಹಾಕಿ. ಓದುಗರಿಗೆ ಒಂದು ಪ್ರಶ್ನೆ ಕೇಳಿ. ಕಷ್ಟದ ಪದ ಜಾಸ್ತಿ ಬಳಸಿ. ಕೊನೆಗೆ ಒಳ್ಳೆಯ ಸಂದೇಶ ಇರಲಿ. ಅಡಿಗೆರೆ ಎಳೆಯಲು ಸ್ಕೇಲ್ ಮರೆಯಬೇಡಿ. ದೊಡ್ಡವರ ಮಾತಿಗೆ ಉದಾಹರಣೆ ಅಂತ ಬೋರ್ಡಿನ ಮೇಲೆ ಬರೆದದ್ದು, ‘ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ – ಗಾಂಧೀಜಿ.’ ಇದೊಂದು ಸಾಲಿದ್ದರೆ ಸಾಕು. ಪ್ಲಾಸ್ಟಿಕ್ ನಿಷೇಧಕ್ಕೂ ಆಗುತ್ತದೆ, ಸ್ವಚ್ಛ ಭಾರತಕ್ಕೂ ಆಗುತ್ತದೆ, ಮೊಬೈಲಿನ ದುಷ್ಪರಿಣಾಮಕ್ಕೂ ಆಗುತ್ತದೆ. ಒಂದೇ ತೊಂದರೆ. ಗಾಂಧೀಜಿಯ ಸಮಗ್ರ ಬರಹ ನೂರು ಸಂಪುಟ ಇದೆ, ಈ ಮಾತು ಈ ರೂಪದಲ್ಲಿ ಯಾರಿಗೂ ಸಿಕ್ಕಿಲ್ಲ. ಇರಲಿ ಬಿಡಿ. ಪೇಪರ್ ತಿದ್ದುವವರು ನೂರು ಸಂಪುಟ ತೆಗೆದು ನೋಡುತ್ತಾರಾ? ಕಲಾಂ ಹೆಸರಿನಲ್ಲಿ, ಐನ್‌ಸ್ಟೈನ್ ಹೆಸರಿನಲ್ಲಿ ಏನು ಬೇಕಾದರೂ ಬರೆಯಬಹುದು. ಸತ್ಯದೊಂದಿಗೆ ಪ್ರಯೋಗ ಮಾಡಿದವರ ಬಾಯಲ್ಲೇ ಹೇಳದ ಮಾತು ತುರುಕುವ ಕಲೆಗೆ ಒಂದು ಅಂಕ ಹೆಚ್ಚೇ ಕೊಡಬೇಕು.

ಈಗ ಮಳೆಗಾಲದ ಪ್ರಬಂಧಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಗೈಡಿನಲ್ಲಿರುವ ‘ರೈನಿ ಸೀಸನ್’ ನಿಮಗೂ ಬಾಯಿಪಾಠ ಇರಬೇಕು. ರೈನಿ ಸೀಸನ್ ಈಸ್ ಎ ಪ್ಲೆಸೆಂಟ್ ಸೀಸನ್. ಪೀಪಲ್ ಕ್ಯಾರಿ ಅಂಬ್ರೆಲಾಸ್. ಫಾರ್ಮರ್ಸ್ ಆರ್ ಹ್ಯಾಪಿ. ಚಿಲ್ಡ್ರನ್ ಪ್ಲೇ ವಿತ್ ಪೇಪರ್ ಬೋಟ್ಸ್. ಇದನ್ನು ಬರೆದ ಮಹಾನುಭಾವರು ಯಾವ ಊರಿನವರೋ. ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಬೆಂಗಳೂರಿನಲ್ಲಿ ಕೂತು ಬರೆದಿದ್ದರೆ ತಪ್ಪೇನಿಲ್ಲ. ಆದರೆ ಅದನ್ನು ಆಗುಂಬೆಯ ಹುಡುಗ ಬಾಯಿಪಾಠ ಮಾಡುತ್ತಾನೆ. ಅವನ ಊರಿನಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಹೊಡೆಯುತ್ತದೆ. ಅಲ್ಲಿ ಕಾಗದದ ದೋಣಿ ಬಿಟ್ಟರೆ ಹೊಸ್ತಿಲು ದಾಟುವ ಮೊದಲೇ ಮುದ್ದೆ. ಫಾರ್ಮರ್ಸ್ ಹ್ಯಾಪಿ ಅಂತೆ. ಅಡಿಕೆಗೆ ಕೊಳೆರೋಗ ಬಂದು, ಬೋರ್ಡೋ ಔಷಧಿ ಹೊಡೆಯಲು ಎರಡು ದಿನ ಮಳೆ ಬಿಟ್ಟು ಹೊಳವಾಗಲಿ ಅಂತ ಆಕಾಶ ನೋಡುತ್ತ ಕೂತ ಅಪ್ಪನ ಎದುರು, ಜಗುಲಿಯಲ್ಲಿ ಮಗ ಗಟ್ಟಿಯಾಗಿ ಓದುತ್ತಾನೆ, ಫಾರ್ಮರ್ಸ್ ಆರ್ ಹ್ಯಾಪಿ.

ನಮ್ಮ ನೆಂಟರ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬನಿದ್ದಾನೆ. ತೀರ್ಥಹಳ್ಳಿಯಿಂದ ಒಳಗೆ, ಹೊಳೆಯಾಚೆ ಮನೆ. ಮಳೆ ಹೇಗೋ ಈ ವರ್ಷ ಅಂತ ಸುಮ್ನೆ ಕೇಳಿದ್ದಷ್ಟೆ. ಕಾಫಿ ತಣ್ಣಗಾಗುವವರೆಗೆ ಬಿಡಲಿಲ್ಲ. ಸಾಕ್ಸ್ ಒಳಗೆ ಇಂಬಳ, ಅಂದರೆ ಜಿಗಣೆ, ಸೇರಿಕೊಂಡು, ಪ್ರಾರ್ಥನೆಗೆ ನಿಂತಾಗ ಬಿಳಿ ಸಾಕ್ಸು ಕೆಂಪಾಗಿದ್ದು. ಇಂಬಳ ಕಿತ್ತರೆ ಬರುವುದಿಲ್ಲ, ಸುಣ್ಣ ಮುಟ್ಟಿಸಿದರೆ ತಾನೇ ಉದುರುತ್ತದೆ, ಅದಕ್ಕೆ ಅವರ ಕ್ಲಾಸಿನ ಹುಡುಗನೊಬ್ಬ ಕಂಪಾಸ್ ಬಾಕ್ಸಿನಲ್ಲಿ ಅಜ್ಜಿಯ ಸುಣ್ಣದ ಡಬ್ಬಿ ಇಟ್ಟುಕೊಂಡು ಬರುವುದು. ಯೂನಿಫಾರ್ಮು ಹೊರಗೆ ಒಣಗುವುದೇ ಇಲ್ಲ, ಎಲ್ಲರ ಮನೆಯಲ್ಲೂ ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ಹಾಕುತ್ತಾರೆ. ಹಾಗಾಗಿ ಜುಲೈ ತಿಂಗಳಲ್ಲಿ ಇಡೀ ಕ್ಲಾಸು ಹೊಗೆ ವಾಸನೆ. ಯಾರ ಮನೆಯಲ್ಲಿ ಹಸಿ ಸೌದೆ, ಯಾರ ಮನೆಯಲ್ಲಿ ಅಡಿಕೆ ಸಿಪ್ಪೆ ಉರಿಸುತ್ತಾರೆ ಅಂತ ಪಕ್ಕ ಕೂತರೆ ಗೊತ್ತಾಗುತ್ತದಂತೆ. ‘ಮೇಷ್ಟ್ರದ್ದೂ ಗೊತ್ತಾಗ್ತದೆ. ಅವರದ್ದು ಸೀಮೆಎಣ್ಣೆ’ ಅಂದು ಕಿಸಕ್ಕನೆ ನಕ್ಕ.

ಇದನ್ನೇ ಬರೆಯೋ ಅಂದೆ.

‘ಇದನ್ನೆಲ್ಲ ಬರದ್ರೆ ಮಾರ್ಕ್ಸ್ ಯಾರು ಕೊಡ್ತಾರೆ ಮಾವ? ಗೈಡಲ್ಲಿ ಇಲ್ವಲ್ಲ.’

ಹುಡುಗ ಬುದ್ಧಿವಂತ. ಹತ್ತನೇ ಕ್ಲಾಸಿನ ಪೇಪರಿನಲ್ಲಿ ಪ್ರಬಂಧದ ಪಾಲು ನಾಲ್ಕೈದು ಅಂಕ. ತಿದ್ದುವ ಮೇಷ್ಟ್ರ ಮುಂದೆ ಕಟ್ಟುಗಟ್ಟಲೆ ಪೇಪರು, ಕೈಯಲ್ಲಿ ಕೀ ಆನ್ಸರು, ಹೊರಗೆ ಬೇಸಿಗೆ. ಪೀಠಿಕೆ ಇದೆಯಾ, ಇದೆ. ಉಪಸಂಹಾರ ಇದೆಯಾ, ಇದೆ. ನಡುವೆ ಇಂಬಳ ಕಂಡರೆ ಅವರು ಏನು ಮಾಡಬೇಕು? ಅದರ ಇಂಗ್ಲಿಷ್ ಸ್ಪೆಲ್ಲಿಂಗು ತಪ್ಪಿದ್ದರೆ ಅರ್ಧ ಅಂಕ ಹೋಯಿತು. ಅಂಬ್ರೆಲಾ ಸ್ಪೆಲ್ಲಿಂಗು ಗೈಡಿನಲ್ಲಿ ಸರಿಯಾಗಿಯೇ ಇದೆ. ಸ್ವಂತದ್ದು ಬರೆದವನಿಗೆ ನಷ್ಟ, ನಕಲು ಇಳಿಸಿದವನಿಗೆ ಲಾಭ ಅಂತ ವರ್ಷಾನುಗಟ್ಟಲೆ ಕಲಿಸಿದ್ದು ನಾವು. ಈಗ ಮಕ್ಕಳ ಪ್ರಬಂಧ ಸಪ್ಪೆ ಅಂತ ಕಾರ್ಯಾಗಾರ ಮಾಡುವವರೂ ನಾವೇ. ಪೇಟೆ ಮಕ್ಕಳಿಗೆ ಈಗ ಗೈಡೂ ಬೇಡ, ಚಾಟ್‌ಜಿಪಿಟಿ ಇದೆ. ಹೋಬಳಿಯಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಆದ್ದರಿಂದ ಅಲ್ಲಿ ಗೈಡಿನ ಆಡಳಿತ ಭದ್ರವಾಗಿದೆ.

ಬೇಸಿಗೆ ರಜೆಯ ಪ್ರಬಂಧವೂ ಹೀಗೇ. ಆಗುಂಬೆಯ ಸೂರ್ಯಾಸ್ತ ನೋಡಲು ಎಲ್ಲೆಲ್ಲಿಂದಲೋ ಕಾರು ತುಂಬಿಕೊಂಡು ಬಂದು, ಘಾಟಿಯಲ್ಲಿ ಚಿಪ್ಸ್ ಪೊಟ್ಟಣ ಎಸೆದು ಹೋಗುತ್ತಾರೆ. ಆಗುಂಬೆಯ ಮಕ್ಕಳು ‘ಎ ವಿಸಿಟ್ ಟು ಎ ಹಿಲ್ ಸ್ಟೇಷನ್’ ಬರೆಯಬೇಕಾದರೆ ಊಟಿಗೆ ಹೋಗುತ್ತಾರೆ, ಗೈಡಿನ ಖರ್ಚಿನಲ್ಲಿ.

ಇನ್ನೊಂದು ಇದೆ, ‘ಎ ಜರ್ನಿ ಬೈ ಟ್ರೈನ್’. ಅದನ್ನು ಬಾಯಿಪಾಠ ಮಾಡುತ್ತಿದ್ದವರಲ್ಲಿ ತುಮರಿ ಕಡೆಯ ಮಕ್ಕಳೂ ಇದ್ದರು. ಸಾಗರ ತಾಲ್ಲೂಕಿನ ಆ ದಿಕ್ಕು ಗೊತ್ತಲ್ವಾ? ಸುತ್ತ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚು, ಅಂದರೆ ಜನ ವಾಹನ ಎರಡನ್ನೂ ದಾಟಿಸುವ ದೋಣಿ, ಹತ್ತಬೇಕಿತ್ತು. ಸಂಜೆಯ ಕೊನೆ ಲಾಂಚು ತಪ್ಪಿದರೆ ಆಚೆ ದಡದ ದೀಪ ನೋಡುತ್ತ ಈಚೆ ಕೂರಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಜನ ಮಾತ್ರ, ವಾಹನ ಹತ್ತಿಸುತ್ತಿರಲಿಲ್ಲ. ಬಾಣಂತಿ, ಬಸ್ಸು, ಬೈಕು, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತವರು ಎಲ್ಲ ಒಂದೇ ಕಬ್ಬಿಣದ ಹಲಗೆ ಮೇಲೆ. ಅದರ ಮೇಲೆ ನಿಂತು ಶಾಲೆ ಕಾಲೇಜಿಗೆ ಹೋದ ಮಕ್ಕಳು ಪರೀಕ್ಷೆಯಲ್ಲಿ ಬರೆದದ್ದು, ದ ಟ್ರೈನ್ ವಾಸ್ ಕ್ರೌಡೆಡ್. ದ ಎಂಜಿನ್ ವಿಸಲ್ಡ್. ಹಲವರು ರೈಲಿನ ಬಾಗಿಲನ್ನೂ ನೋಡಿದವರಲ್ಲ. ಪ್ರಬಂಧದಲ್ಲಿ ಮಾತ್ರ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ಇದಕ್ಕೆಲ್ಲ ಮೆಕಾಲೆಯನ್ನು ಬೈಯುವವರಿದ್ದಾರೆ. ಪಾಪ, 1835ರಲ್ಲಿ ಇಂಗ್ಲಿಷ್ ಶಿಕ್ಷಣದ ಪರ ಒಂದು ಟಿಪ್ಪಣಿ ಬರೆದ ತಪ್ಪಿಗೆ ಇನ್ನೂ ಬೈಸಿಕೊಳ್ಳುತ್ತಿದ್ದಾನೆ. ತುಮರಿಯವರನ್ನು ರೈಲು ಹತ್ತಿಸು ಅಂತ ಅವನು ಎಲ್ಲೂ ಹೇಳಿಲ್ಲ.

ಇಲ್ಲಿಯವರೆಗೆ ನಗಬಹುದು. ‘ಅಡ್ವಾಂಟೇಜಸ್ ಆಫ್ ಡ್ಯಾಮ್ಸ್’ ಅನ್ನುವ ಪ್ರಬಂಧ ಬಂದಾಗ ನನಗೆ ನಗು ಬರುವುದಿಲ್ಲ.

ಅದರಲ್ಲಿ ಮೊದಲ ಸಾಲೇ ನೆಹರು. ಅಣೆಕಟ್ಟುಗಳು ಆಧುನಿಕ ಭಾರತದ ದೇವಾಲಯಗಳು. ಅದೇ ನೆಹರು 1958ರಲ್ಲಿ, ಎಲ್ಲವನ್ನೂ ದೈತ್ಯಾಕಾರದಲ್ಲೇ ಕಟ್ಟುವ ಈ ಹುಚ್ಚು ಒಂದು ರೋಗ ಎಂಬರ್ಥದ ಮಾತು ಹೇಳಿದ್ದರು. ಅದು ಗೈಡಿಗೆ ಬಂದಿಲ್ಲ. ಆಮೇಲೆ ಡ್ಯಾಮಿನಿಂದ ಕರೆಂಟು, ಡ್ಯಾಮಿನಿಂದ ನೀರಾವರಿ, ಡ್ಯಾಮು ಪ್ರವಾಸಿ ತಾಣ. ಇದನ್ನು ಬರೆಯುವ ಹುಡುಗಿಯ ಅಜ್ಜನ ಮನೆ, ಗದ್ದೆ, ಭೂತನ ಕಟ್ಟೆ ಸಮೇತ ಊರು ಲಿಂಗನಮಕ್ಕಿಯ ಅಡಿಯಲ್ಲಿದೆ. ಮನೆಯಿಂದ ಎಬ್ಬಿಸಿ ಲಾರಿಯಲ್ಲಿ ತಂದು ಕಾಡಿನ ಅಂಚಿಗೆ ಬಿಟ್ಟರು. 60 ವರ್ಷ ದಾಟಿತು. ಆ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಜನ ಕಚೇರಿ ಅಲೆಯುತ್ತಿದ್ದಾರೆ. ಅರಣ್ಯ ಇಲಾಖೆಯವರು ಕಂದಾಯದವರ ಕಡೆ ಕೈ ತೋರಿಸುತ್ತಾರೆ, ಕಂದಾಯದವರು ಅರಣ್ಯದ ಕಡೆ. ಚುನಾವಣೆಗೊಮ್ಮೆ ಪಾದಯಾತ್ರೆ, ಭರವಸೆ, ಮತ್ತೆ ಅದೇ ಕಚೇರಿ. ನಾಡಿಗೆಲ್ಲ ಬೆಳಕು ಕೊಟ್ಟವರು ಅಂತ ವೇದಿಕೆ ಮೇಲೆ ಹೊಗಳುತ್ತಾರೆ, ಅವರ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿ ಉರಿಯಿತು. ಆ ಮನೆಯ ಮೊಮ್ಮಗಳ ಕೈಯಲ್ಲಿ ಡ್ಯಾಮ್ಸ್ ಆರ್ ಎ ಬ್ಲೆಸಿಂಗ್ ಅಂತ ಬರೆಸಿ, ಬರೆದದ್ದಕ್ಕೆ ಪೂರ್ತಿ ಅಂಕ ಕೊಡುತ್ತೇವೆ. ಆಮೇಲೆ ಕೇಳುತ್ತೇವೆ, ನಿನ್ನ ಬರಹದಲ್ಲಿ ಜೀವ ಯಾಕಿಲ್ಲಮ್ಮ ಅಂತ. ನಾಚಿಕೆ ಆಗಬೇಕು ನಮಗೆ.

ಗಾಳದಂಥ ಮೊದಲ ವಾಕ್ಯ ಬೇಕು ಅಂದಿರಲ್ಲ. ಆ ಹುಡುಗಿಯ ಹತ್ತಿರ ಇದೆ. ಲಿಂಗನಮಕ್ಕಿಗಿಂತ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಂತ ಒಂದು ಅಣೆಕಟ್ಟು ಇತ್ತು, 1948ರದ್ದು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಈಗಲೂ ಮೇಲೆ ಕಾಣಿಸುತ್ತದೆ, ನೋಡಲು ಜನ ಹೋಗುತ್ತಾರೆ. ಅವರ್ ಡ್ಯಾಮ್ ಡ್ರೌನ್ಡ್ ಅನದರ್ ಡ್ಯಾಮ್. ಐದೇ ಪದ. ಕಷ್ಟದ ಪದ ಒಂದೂ ಇಲ್ಲ, ಯಾವ ದೊಡ್ಡವರ ಮಾತೂ ಅಲ್ಲ. ಓದಿದವರು ಎರಡನೇ ವಾಕ್ಯಕ್ಕೆ ಹೋಗದೆ ಇರಲಿ ನೋಡೋಣ.

ಅದನ್ನು ಅವಳಿಂದ ಹೊರಡಿಸಬೇಕಾದರೆ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಬೇಕು. ಅವಳು ಹೇಳಿದ್ದನ್ನು ಕೇಳಬೇಕು, ತಪ್ಪು ಇಂಗ್ಲಿಷಿನಲ್ಲೇ ಬರಿ, ಆಮೇಲೆ ನೋಡೋಣ ಅನ್ನಬೇಕು. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷು ಶುರುವಾಗಿದ್ದು 2007ರಲ್ಲಿ. ಕಲಿಸುವವರನ್ನೂ ಅಷ್ಟೇ ಉತ್ಸಾಹದಿಂದ ನೇಮಿಸಿದ್ದರೆ ಚೆನ್ನಾಗಿತ್ತು. ಅತಿಥಿ ಶಿಕ್ಷಕರು ಬರುತ್ತಾರೆ, ಅವರ ಗೌರವಧನ ಅತಿಥಿಯ ಹಾಗೆ ಯಾವಾಗಲೋ ಬರುತ್ತದೆ. ಕಾಯಂ ಮೇಷ್ಟ್ರು ಇದ್ದರೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ, ಗಣತಿ. 2025ರ ದಸರಾ ರಜೆ ನೆನಪಿದೆಯಲ್ಲ? ಮೇಷ್ಟ್ರುಗಳು ಮನೆಮನೆಗೆ ಹೋಗಿ ಮಾಡುತ್ತಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಎಳೆದರು. ಆ್ಯಪು ತೆರೆಯಲು ಸಿಗ್ನಲ್ ಹುಡುಕಿಕೊಂಡು ನಮ್ಮ ಕಡೆಯ ಮೇಷ್ಟ್ರುಗಳು ಗುಡ್ಡ ಹತ್ತಿದರು. ಕಾಡಿನಲ್ಲಿ ಒಂಟಿ ಮನೆ, ನಾಯಿ, ಮಳೆ, ಕೈಯಲ್ಲಿ ಮೊಬೈಲು. ಅವರು ಕೂತು ಬರೆದರೆ ಒಳ್ಳೆಯ ಪ್ರಬಂಧ ಆದೀತು. ಯಾವ ಭಾಷೆಯಲ್ಲಾದರೂ ಸರಿ.

ಅಂದಹಾಗೆ ತುಮರಿಯವರಿಗೆ 2025ರ ಜುಲೈ 14ರಂದು ಸೇತುವೆ ಬಂತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಕೇಬಲ್ ಸೇತುವೆ, ನಿಜಕ್ಕೂ ನೋಡಲು ಚೆಂದ. ಅಜ್ಜಂದಿರು ಹೋಗಿ ಮುಟ್ಟಿ ನೋಡಿ ಬಂದರು. ಈ ಸಲ ಪರೀಕ್ಷೆಗೆ ‘ಇಂಪಾರ್ಟೆಂಟ್’ ಅಂತ ಟ್ಯೂಷನ್ನಿನವರು ಕೊಟ್ಟ ಜೆರಾಕ್ಸ್ ಪಟ್ಟಿಯಲ್ಲಿ ಅದೂ ಸೇರಿದೆಯಂತೆ. ಹದಿನೈದು ವಾಕ್ಯ, ಎರಡು ಅಡಿಗೆರೆ, ಕೊನೆಯಲ್ಲಿ ಗಾಂಧೀಜಿ. ಆಚೆ ದಡದ ಮಕ್ಕಳು ಬಾಯಿಪಾಠ ಶುರು ಮಾಡಿದ್ದಾರೆ.