ಅಪ್ಪು, ಡೌನು

ನಮ್ಮೂರ ಕಡೆ ಸೈಕಲ್ ತುಳಿಯುವವರಿಗೆ ಭೂಗೋಳವೆಂದರೆ ಎರಡೇ ಪದ: ಅಪ್ಪು, ಡೌನು. "ಚಿಕ್ಕಬಳ್ಳಾಪುರಕ್ಕೆ ದಾರಿ ಹೆಂಗೈತೆ?" ಎಂದು ಕೇಳಿದರೆ "ಎರಡು ಅಪ್ಪು, ಆಮೇಲೆ ಪೂರಾ ಡೌನು" ಎಂದು ಉತ್ತರ ಬರುತ್ತಿತ್ತು. ಎಷ್ಟು ಕಿಲೋಮೀಟರ್ ಎಂದು ಯಾರೂ ಕೇಳುತ್ತಿರಲಿಲ್ಲ. ಏರು, ಇಳಿಜಾರು, ದಿಣ್ಣೆ, ತಗ್ಗು ಎಲ್ಲ ಪಠ್ಯಪುಸ್ತಕದವು, ಇಲ್ಲವೇ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವವರವು. ಈಗ ಅಪ್ಪು ಅಂದರೆ ಎಲ್ಲರ ಮನಸ್ಸೂ ಪುನೀತ್ ಕಡೆಗೆ ಓಡುತ್ತದೆ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು. ಇಂಗ್ಲಿಷಿನ 'ಅಪ್' ನಮ್ಮ ಬಾಯಿಗೆ ಬಿದ್ದು ಉಕಾರ ತಗುಲಿಸಿಕೊಂಡು ಕನ್ನಡವಾದದ್ದು.

ಅಪ್ಪು ಬಂದರೆ ಇಳಿದು ತಳ್ಳಬೇಕು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಕ್ಯಾರಿಯರ್ ಮೇಲೆ ಕೂತವನು ಯಾರೂ ಹೇಳದೆಯೇ ಧುಮುಕಿ ಹಿಂದಿನಿಂದ ನೂಕಬೇಕು, ಇದು ಡಬಲ್ ರೈಡಿಂಗಿನ ಕಾನೂನು. ಹಾಲಿನ ಕ್ಯಾನು ಕಟ್ಟಿದವರು, ಹುಲ್ಲಿನ ಹೊರೆ ಹೇರಿದವರು, ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯುವ ನಾವು, ಎಲ್ಲರೂ ದಿಣ್ಣೆಯ ಬುಡದಲ್ಲಿ ಸಮಾನರು. ತುದಿ ತಲುಪಿ, ಒಂದು ಕಾಲು ಪೆಡಲ್ ಮೇಲಿಟ್ಟು, ಇನ್ನೊಂದನ್ನು ಬೀಸಿ ಹತ್ತಿ, ಡೌನಿನಲ್ಲಿ ಕಾಲಾಡಿಸದೆ ಕೂತಾಗ ಫ್ರೀವೀಲು ಟಿಕಟಿಕ ಎನ್ನುವುದಿದೆಯಲ್ಲ, ಅದಕ್ಕಾಗಿಯೇ ಅಷ್ಟು ದೂರ ತಳ್ಳಿದ್ದು.

ಇಷ್ಟೇ ವಿದ್ಯೆಯನ್ನು ಬಂಡವಾಳವಾಗಿಟ್ಟುಕೊಂಡು ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಇಟಲಿಯ ಟಸ್ಕನಿಗೆ ಹೋದೆ. ಮಿಲಾನಿನಲ್ಲಿ ಓದುತ್ತಿರುವ ಮಗಳು ಒಂದು ಫೋಟೋ ಕಳಿಸಿದ್ದೇ ಎಲ್ಲಕ್ಕೂ ಮೂಲ. ಹಸಿರು ಜಮಖಾನೆಯನ್ನು ಯಾರೋ ಹಿಡಿದು ಕೊಡವಿ ಅರ್ಧಕ್ಕೆ ಬಿಟ್ಟಂತೆ ಅಲೆಯಲೆಯಾಗಿ ನೆಲ, ಬಾಚಣಿಗೆಯಲ್ಲಿ ಗೀರೆಳೆದ ಹಾಗೆ ದ್ರಾಕ್ಷಿಯ ಸಾಲುಗಳು, ಅಲ್ಲೊಂದು ಇಲ್ಲೊಂದು ಸೂಜಿಯಂತೆ ನಿಂತ ಸೈಪ್ರೆಸ್ ಮರ, ಕೊನೆಗೆ ಗುಡ್ಡದ ನೆತ್ತಿಯ ಮೇಲೆ ಒಂದು ಕೋಟೆಮನೆ. ನಡುವೆ ಹಾವಿನಂತೆ ಹರಿದ ರಸ್ತೆ. "ಅಪ್ಪಾ, ನಿನಗೆ ಸೈಕಲ್ ಹುಚ್ಚಲ್ವಾ? ಬಾ, ಇಲ್ಲಿ ಬಾಡಿಗೆಗೆ ಸಿಗುತ್ತೆ." ಫೋಟೋದಲ್ಲಿ ಎಲ್ಲಿ ಹುಡುಕಿದರೂ ಅಪ್ಪು ಕಾಣಲಿಲ್ಲ. ನಂದಿಬೆಟ್ಟವನ್ನು ದಿನಾ ಅಂಗಳದಿಂದ ನೋಡುತ್ತ ಬೆಳೆದವನಿಗೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಆ ಹೊತ್ತಿನಲ್ಲೇ ಮರೆತುಹೋಗಿತ್ತು.

ನಾವು ಉಳಿದದ್ದು ಕಾಸ್ತೆಲ್ಲೀನಾ ಎಂಬ ಊರಲ್ಲಿ. ಫ್ಲಾರೆನ್ಸಿಗೂ ಸಿಯೆನಾಕ್ಕೂ ನಡುವಿನ ಕಿಯಾಂತಿ ಗುಡ್ಡಗಾಡು ಅದು. ಊರು ಸಮುದ್ರಮಟ್ಟದಿಂದ ಸುಮಾರು 580 ಮೀಟರ್ ಎತ್ತರ ಎಂದು ಕೇಳಿ ನಕ್ಕಿದ್ದೆ. ನಮ್ಮ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡೇ 900 ಮೀಟರಿಗಿಂತ ಮೇಲಿದೆ, ಅಲ್ಲಿ ಯಾರಿಗೂ ಏದುಸಿರು ಬಂದದ್ದಿಲ್ಲ. ಎತ್ತರ ಬೇರೆ, ಏರು ಬೇರೆ ಎಂದು ತಿಳಿಯಲು ಮೊದಲ ದಿನದ ಮೊದಲ ಅರ್ಧ ಗಂಟೆ ಸಾಕಾಯಿತು. ಎತ್ತರ ಸುಮ್ಮನೆ ಇರುತ್ತದೆ. ಕಾಡುವುದು ಅದು ಬದಲಾಗುತ್ತಲೇ ಇರುವುದು. ಅಲ್ಲಿನ ರಸ್ತೆಗೆ ಮಟ್ಟಸ ಎಂಬ ಗುಣವೇ ಇಲ್ಲ. ಇಳಿದು ಮುಗಿಯುವಷ್ಟರಲ್ಲಿ ಏರು, ಏರಿ ಉಸಿರು ಬಿಡುವಷ್ಟರಲ್ಲಿ ಇಳಿತ.

ಏರುತ್ತ ಏರುತ್ತ ತಿಳಿದದ್ದೇನೆಂದರೆ, ಆ ಫೋಟೋವನ್ನು ಚೆಂದ ಮಾಡಿದ್ದೂ ನನ್ನ ಮೊಣಕಾಲನ್ನು ಹಿಂಡುತ್ತಿದ್ದದ್ದೂ ಒಂದೇ. ಕೋಟೆ ಕಟ್ಟಿದವನಿಗೆ ಶತ್ರು ದೂರದಿಂದಲೇ ಕಾಣಬೇಕು, ಕಂಡವನು ಮೇಲೆ ಹತ್ತಿ ಬರುವಷ್ಟರಲ್ಲಿ ಅವನ ನಾಲಿಗೆ ಹೊರಗೆ ಬಂದಿರಬೇಕು. ದ್ರಾಕ್ಷಿ ನೆಟ್ಟವನಿಗೂ ಇಳಿಜಾರೇ ಬೇಕು: ನೀರು ಬುಡದಲ್ಲಿ ನಿಲ್ಲದೆ ಹರಿದುಹೋಗುತ್ತದೆ, ಬಿಸಿಲು ಓರೆಯಾಗಿ ಎಲ್ಲ ಸಾಲಿಗೂ ತಗಲುತ್ತದೆ, ರಾತ್ರಿಯ ಕೊರೆಯುವ ಗಾಳಿ ಜಾರಿ ಕಣಿವೆಯ ತಳಕ್ಕೆ ಹೋಗಿ ಮಲಗುತ್ತದೆ. ಮಧ್ಯಯುಗದಲ್ಲಿ ಸಿಯೆನಾದ ಸೈನಿಕರನ್ನು ಸುಸ್ತು ಮಾಡಲೆಂದು ಹೂಡಿದ ಉಪಾಯಕ್ಕೆ ಏನೂ ತಪ್ಪು ಮಾಡದ ಚಿಕ್ಕಬಳ್ಳಾಪುರದವನೊಬ್ಬ ಸಿಕ್ಕಿಬಿದ್ದಿದ್ದ.

ದ್ರಾಕ್ಷಿ ನಮಗೆ ಹೊಸದಲ್ಲ. ನಮ್ಮಲ್ಲಿ ಅದು ಚಪ್ಪರದ ಬೆಳೆ. ಕಲ್ಲುಕಂಬ ನೆಟ್ಟು, ತಂತಿ ಹೆಣೆದು, ಬಳ್ಳಿಯನ್ನು ತಲೆಯ ಮೇಲಕ್ಕೆ ಹಬ್ಬಿಸುತ್ತೇವೆ. ಗೊಂಚಲು ಮೇಲಿಂದ ಇಳಿಬಿದ್ದಿರುತ್ತದೆ, ಕೆಳಗೆ ಹಗಲಲ್ಲೂ ಸಂಜೆಯ ನೆರಳು. ಬೇಸಿಗೆಯಲ್ಲಿ ಮಲಗಲು ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ. ಕಿಯಾಂತಿಯಲ್ಲಿ ಬಳ್ಳಿಗಳು ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ ಎದೆಮಟ್ಟ ತಂತಿಬೇಲಿಗೆ ಕೈ ಚಾಚಿ ಸಾಲಾಗಿ ನಿಂತಿರುತ್ತವೆ. ಚಳಿಗಾಲ ಬಂತೆಂದರೆ ಎಲೆಯೆಲ್ಲ ಉದುರಿಸಿ ನಿದ್ದೆ ಹೋಗುತ್ತವೆ, ಆಗ ಒಮ್ಮೆ ಸವರುತ್ತಾರೆ. ನಮ್ಮ ಬೆಂಗಳೂರು ನೀಲಿಗೆ ಆ ಭಾಗ್ಯವಿಲ್ಲ. ಮಲಗಿಸುವಂಥ ಚಳಿಯೇ ಇಲ್ಲದ್ದರಿಂದ ವರ್ಷಕ್ಕೆರಡು ಸಲ ಕತ್ತರಿ ಹಾಕಿ, ಎಬ್ಬಿಸಿ ಎಬ್ಬಿಸಿ ದುಡಿಸುತ್ತೇವೆ. ಸಾಲಿನ ತುದಿಯಲ್ಲಿ ಅಲ್ಲಲ್ಲಿ ಒಂದೊಂದು ಗುಲಾಬಿ ಗಿಡ ಇತ್ತು. ಹೆಂಡತಿ "ಎಷ್ಟು ರಸಿಕರು ನೋಡ್ರೀ" ಎಂದಳು. ಅದು ರಸಿಕತೆಯಲ್ಲ. ಬೂದಿ ರೋಗ ಗುಲಾಬಿಗೆ ಬೇಗ ಹತ್ತುತ್ತದೆ, ಅದನ್ನು ನೋಡಿ ರೈತ ಎಚ್ಚರಾಗಲಿ ಎಂದು ಹಿಂದಿನವರು ನೆಟ್ಟ ರೂಢಿ. ತೋಟದ ಸುತ್ತ ಕರೆಂಟು ಬೇಲಿ, ಕಾಡುಹಂದಿಗಾಗಿ. ಇದನ್ನು ನೋಡಿದ ಮೇಲೆ ನಾನು ಪರದೇಶದಲ್ಲಿದ್ದೇನೆ ಎಂಬ ಅಳುಕು ಅರ್ಧ ಇಳಿಯಿತು.

ಮೊದಲ ದಿನ ಹೋದದ್ದು ಫೋಂತೆರೂತೊಲಿ ಎಂಬ ಪುಟ್ಟ ಹಳ್ಳಿಗೆ, ಕಾಸ್ತೆಲ್ಲೀನಾದಿಂದ ತೆಂಕಣಕ್ಕೆ ಐದಾರು ಕಿಲೋಮೀಟರ್. ಒಂದು ಕೋಳಿಯ ಕತೆ ಅಲ್ಲಿಗೆ ಬಂದು ಮುಗಿಯುತ್ತದೆ. ಫ್ಲಾರೆನ್ಸಿಗೂ ಸಿಯೆನಾಕ್ಕೂ ಗಡಿಜಗಳ, ಜಗಳವಾಡಿ ಇಬ್ಬರಿಗೂ ಸಾಕಾಗಿತ್ತು. ಒಂದು ಬೆಳಗ್ಗೆ ಕೋಳಿ ಕೂಗಿದ ಕೂಡಲೇ ಎರಡೂ ಊರಿಂದ ಒಬ್ಬೊಬ್ಬ ಸವಾರ ಹೊರಡಲಿ, ಅವರು ಎದುರಾದ ಜಾಗವೇ ಗಡಿ ಎಂದು ಒಪ್ಪಂದವಾಯಿತಂತೆ. ಸಿಯೆನಾದವರು ಬಿಳಿ ಕೋಳಿ ಆರಿಸಿ, ಚೆನ್ನಾಗಿ ಕೂಗಲೆಂದು ಹೊಟ್ಟೆತುಂಬ ತಿನ್ನಿಸಿದರು. ಫ್ಲಾರೆನ್ಸಿನವರು ಕರಿ ಕೋಳಿ ಹಿಡಿದು ಕತ್ತಲಗೂಡಿಗೆ ಹಾಕಿ ಉಪವಾಸ ಕೆಡವಿದರು. ಆ ದಿನ ಹೊರಬಿಟ್ಟದ್ದೇ ತಡ, ಹಸಿದ ಕೋಳಿ ಬೆಳಕಿನ ಸುಳಿವೇ ಇಲ್ಲದ ಹೊತ್ತಿಗೆ ಗಂಟಲು ಹರಿಯುವಂತೆ ಕೂಗಿತು. ಸಿಯೆನಾದ ಕೋಳಿ ಇನ್ನೂ ತೇಗುತ್ತ ಮಲಗಿತ್ತು. ಫ್ಲಾರೆನ್ಸಿನ ಕುದುರೆ ಓಡಿ ಓಡಿ ಸಿಯೆನಾದ ಗೋಡೆಗೆ ಹನ್ನೆರಡು ಕಿಲೋಮೀಟರ್ ಉಳಿದಿರುವಾಗ, ಈ ಫೋಂತೆರೂತೊಲಿಯಲ್ಲಿ ಎದುರಾಳಿಯನ್ನು ಕಂಡಿತು. ಕಿಯಾಂತಿ ಬಹುಪಾಲು ಫ್ಲಾರೆನ್ಸಿನದಾಯಿತು.

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡಿದ್ದ ನಮ್ಮ ಕತೆಯ ಮುದುಕಿಯನ್ನು ನೋಡಿ ಮೂರು ತಲೆಮಾರಿನಿಂದ ನಗುತ್ತ ಬಂದಿದ್ದೇವೆ. ಅವಳು ಹುಟ್ಟಬೇಕಾದ ಊರು ಇದು. ನಮ್ಮಲ್ಲಾದರೆ ಗಡಿತಂಟೆಗೆ ಆಯೋಗ, ಆಯೋಗದ ವರದಿಗೆ ಇನ್ನೊಂದು ತಂಟೆ. ಇವರು ಕೋಳಿಯ ಮೇಲೆ ಭಾರ ಹಾಕಿದ್ದರು. ಕತೆ ಕತೆಯೇ. ನಿಜವಾಗಿ ಯುದ್ಧಗಳು ನಡೆದೇ ನಡೆದವು, 1555ರಲ್ಲಿ ಸಿಯೆನಾ ಶರಣಾಯಿತು. 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಇಲ್ಲಿಂದ ಇಲ್ಲಿಗೆ ಬೆಳೆದದ್ದಷ್ಟೇ ಕಿಯಾಂತಿ ವೈನು ಎಂದು ಕಾಗದದ ಮೇಲೆ ಗೆರೆ ಎಳೆದ. ಕೋಳಿ ಮಾತ್ರ ಹೋಗಲಿಲ್ಲ. 1924ರಲ್ಲಿ ರಾದ್ದಾ ಊರಿನಲ್ಲಿ ಸೇರಿದ 33 ಬೆಳೆಗಾರರು ಸಂಘ ಕಟ್ಟಿ ಅದನ್ನೇ ಗುರುತು ಮಾಡಿಕೊಂಡರು. ಇವತ್ತಿಗೂ ಕಿಯಾಂತಿ ಕ್ಲಾಸಿಕೊ ಬಾಟಲಿಯ ಕತ್ತಿನಲ್ಲಿ ಕರಿ ಹುಂಜ ಎದೆಯುಬ್ಬಿಸಿ ನಿಂತಿರುತ್ತದೆ. ಉಪವಾಸ ಬಿದ್ದದ್ದಕ್ಕೆ ಅಷ್ಟಾದರೂ ಸಿಗಬೇಕು.

ಎರಡನೆಯ ದಿನದ ದಾರಿ ರಾದ್ದಾ, ಅಲ್ಲಿಂದ ಗಾಯೊಲೆ, ಕೊನೆಗೆ ಬ್ರೋಲಿಯೊ ಕೋಟೆ. ಇಲ್ಲೊಂದು ವಿಷಯ ಮುಚ್ಚಿಟ್ಟಿದ್ದೇನೆ. ಹೆಂಡತಿ ತೆಗೆದುಕೊಂಡದ್ದು ಬ್ಯಾಟರಿ ಸೈಕಲ್. "ನೀವೂ ಅದನ್ನೇ ತಗೊಳ್ರೀ" ಎಂದು ಅಂಗಡಿಯಲ್ಲೇ ಹೇಳಿದ್ದಳು. ಒಳಪೆಡಲ್ಲಿನಿಂದ ಮೇಲೆ ಬಂದವನು ನಾನು, ನನಗೆ ಮೋಟಾರೇ ಎಂದು ಮುಂದೆ ಎರಡು, ಹಿಂದೆ ಹನ್ನೊಂದು ಹಲ್ಲುಚಕ್ರದ ತೆಳ್ಳನೆಯದೊಂದನ್ನು ಹಿಡಿದಿದ್ದೆ. ಹಾಗಾಗಿ ನಮ್ಮ ದಾಂಪತ್ಯ ಆ ಮೂರು ದಿನ ಒಂದೇ ರೀತಿ ಸಾಗಿತು. ಅಪ್ಪು ಶುರುವಾದ ಕೂಡಲೇ ಅವಳು ಗುಂಯ್ ಎಂದು ಮಾಯ. ತುದಿಯಲ್ಲಿ ಗೋಡೆಗೊರಗಿ, ಮೊಬೈಲ್ ಹಿಡಿದು, ನಾನು ಹತ್ತಿ ಬರುವುದನ್ನು ಚಿತ್ರ ತೆಗೆಯುತ್ತ ಕೂತಿರುತ್ತಿದ್ದಳು. ಇಪ್ಪತ್ತೆರಡು ಗೇರು ಇವೆ ಎಂದುಕೊಂಡಿದ್ದೆ. ಏರು ಅರ್ಧ ಮುಗಿಯುವಷ್ಟರಲ್ಲಿ ಇಪ್ಪತ್ತೊಂದು ಸುಮ್ಮನೆ ಅಲಂಕಾರಕ್ಕೆ ಎಂದು ತಿಳಿಯಿತು. ಇಳಿದು ತಳ್ಳೋಣವೆಂದರೆ ಅಲ್ಲಿ ಯಾರೂ ತಳ್ಳುವುದಿಲ್ಲ. ಎಪ್ಪತ್ತು ದಾಟಿದಂತೆ ಕಂಡ ಮುದುಕರೊಬ್ಬರು ಪಕ್ಕದಲ್ಲಿ ಹಾದುಹೋಗುತ್ತ "ಫೋರ್ತ್ಸಾ!" ಎಂದರು. ಜೋರು ಹಾಕು, ಅಷ್ಟೇ ಅರ್ಥ. ಅವರ ಸೈಕಲ್ಲಿಗೆ ಬ್ಯಾಟರಿ ಇದೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ.

ಗಾಯೊಲೆ ಕಣಿವೆಯ ತಳದ ಊರು, ಅಂದರೆ ಅಲ್ಲಿಗೆ ಹೋಗುವುದು ಭರ್ತಿ ಡೌನು. ಆ ಡೌನನ್ನು ವರ್ಣಿಸುವುದಿಲ್ಲ; ನಲವತ್ತು ವರ್ಷ ಎರಡು ನಿಮಿಷದಲ್ಲಿ ಹಿಂದಕ್ಕೆ ಹೋದವು, ಅಷ್ಟು ಸಾಕು. ಹಳೇ ಸೈಕಲ್ಲಿನವರ ತೀರ್ಥಕ್ಷೇತ್ರ ಆ ಊರು. ಟಸ್ಕನಿಯ ಬಿಳಿ ಮಣ್ಣಿನ ರಸ್ತೆಗಳಿಗೆಲ್ಲ ಡಾಂಬರು ಬೀಳುವುದನ್ನು ತಡೆಯಬೇಕೆಂದು 1997ರಲ್ಲಿ ಕೆಲವರು ಇಲ್ಲಿಂದ 'ಲೆರೋಯಿಕಾ' ಎಂಬ ಸವಾರಿ ಶುರು ಮಾಡಿದರು. ಮೊದಲ ವರ್ಷ ಬಂದದ್ದು 92 ಜನ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು. ಸೈಕಲ್ಲು 1987ಕ್ಕಿಂತ ಹಳೆಯದಾಗಿರಬೇಕು, ಉಕ್ಕಿನ ಫ್ರೇಮು, ಬ್ರೇಕಿನ ತಂತಿ ಹ್ಯಾಂಡಲ್ಲಿನ ಹೊರಗೆ ಕಾಣಬೇಕು, ಮೈಮೇಲೆ ಉಣ್ಣೆಯ ಅಂಗಿ. ಗೆದ್ದವರು ಸೋತವರು ಎಂಬ ಲೆಕ್ಕವಿಲ್ಲ. ದಾರಿಯುದ್ದಕ್ಕೂ ತಿನ್ನಿಸುತ್ತಾರೆ: ವೈನು, ಬ್ರೆಡ್ಡು, ರಿಬೊಲ್ಲೀತಾ. ಹಾಗೆಂದರೆ 'ಮತ್ತೆ ಕುದಿಸಿದ್ದು'. ಬೀನ್ಸ್ ಕಾಳು, ಸೊಪ್ಪು, ಒಣಬ್ರೆಡ್ಡು ಹಾಕಿ ಮಾಡಿದ ನಿನ್ನೆಯ ಸಾರನ್ನು ಇವತ್ತು ಕುದಿಸುವುದು. ಮಾರನೇ ದಿನದ ಬಸ್ಸಾರಿನ ರುಚಿ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. (ಅವರ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಇದನ್ನು ಮಾತ್ರ ನಾನು ಕ್ಷಮಿಸಲಾರೆ.)

1987ಕ್ಕಿಂತ ಹಳೆಯದು ಎಂದಾಗ ನಮ್ಮಪ್ಪನ ರಾಡ್ ಬ್ರೇಕಿನ ಸೈಕಲ್ಲು ನೆನಪಾಯಿತು. ವಯಸ್ಸಿನ ಲೆಕ್ಕದಲ್ಲಿ ಅದು ಡಿಸ್ಟಿಂಕ್ಷನ್ನಿನಲ್ಲಿ ಪಾಸು. ಮನೆ ರಿಪೇರಿ ಮಾಡಿಸುವಾಗ ಜಾಗ ತಿನ್ನುತ್ತದೆಂದು ಗುಜರಿಯವನಿಗೆ ತೂಕಕ್ಕೆ ಕೊಟ್ಟವನು ನಾನೇ. ತಕ್ಕಡಿ ಒಂದು ಕಡೆ ವಾಲಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಎಷ್ಟು ದುಡ್ಡು ಬಂತು ಎಂಬುದು ನೆನಪಿಲ್ಲ.

ಬ್ರೋಲಿಯೊಗೆ ಹೋಗುವ ಕೊನೆಯ ಏರು ಸೈಪ್ರೆಸ್ ಸಾಲಿನ ನಡುವಿನ ಬಿಳಿ ಮಣ್ಣಿನ ದಾರಿ. ಟೈರಿನ ಕೆಳಗೆ ಹರಳು ಕಲ್ಲು ಕರಕರ ಎನ್ನುತ್ತದೆ. ಹತ್ತಿ ನಿಂತರೆ ಕೆಂಪು ಇಟ್ಟಿಗೆಯ ಕೋಟೆ, ಕೆಳಗೆ ದ್ರಾಕ್ಷಿ, ಇನ್ನೂ ದೂರದ ಮಬ್ಬಿನಲ್ಲಿ ಸಿಯೆನಾ. 1141ರಿಂದ ಇದು ರಿಕಾಸೋಲಿ ಮನೆತನದ್ದು. ಈ ವಂಶದ ಬೆತ್ತೀನೊ 1861ರಲ್ಲಿ, ಮೊದಲ ಪ್ರಧಾನಿ ಕಾವೂರ್ ತೀರಿಕೊಂಡ ಮೇಲೆ, ಒಂದಾದ ಇಟಲಿಯ ಎರಡನೆಯ ಪ್ರಧಾನಿಯಾದ. ಉಕ್ಕಿನ ಬ್ಯಾರನ್ ಎಂದು ಹೆಸರು. ಯಾವ ದ್ರಾಕ್ಷಿ ಎಷ್ಟು ಸೇರಿದರೆ ಕಿಯಾಂತಿ ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿ, ಸಾಂಜೊವೇಸೆಯೇ ಮುಖ್ಯ ಎಂದು 1872ರ ಕಾಗದವೊಂದರಲ್ಲಿ ಬರೆದಿಟ್ಟವನು. ಅಷ್ಟು ಹೊತ್ತು ಅವನಿಗೆ ಕೋಟೆಯಲ್ಲಿ ಹೇಗೆ ಸಿಕ್ಕಿತು ಎಂಬುದಕ್ಕೆ ಒಂದು ಕತೆ ಹೇಳುತ್ತಾರೆ. ಮದುವೆಯಾದ ಹೊಸತರಲ್ಲಿ ಫ್ಲಾರೆನ್ಸಿನ ನೃತ್ಯಕೂಟದಲ್ಲಿ ಯಾರೋ ತರುಣ ಅವನ ಹೆಂಡತಿಯ ಜೊತೆ ಕುಣಿದನಂತೆ. ಇವನು "ಹೊರಡೋಣ" ಎಂದಷ್ಟೇ ಹೇಳಿ ಅವಳನ್ನು ಗಾಡಿ ಹತ್ತಿಸಿ, ಆ ಚಳಿರಾತ್ರಿಯಲ್ಲೇ ಈ ಗುಡ್ಡದ ತುದಿಗೆ ತಂದು, ಇಲ್ಲೇ ಸಂಸಾರ ಹೂಡಿದನಂತೆ. ಜಗತ್ತಿಗೆ ಒಳ್ಳೆಯ ವೈನು ಸಿಕ್ಕಿತು. ಅವಳಿಗೇನು ಸಿಕ್ಕಿತೋ.

ನನ್ನ ಹೆಂಡತಿ ಕತೆ ಪೂರಾ ಕೇಳಿ, ಕೋಟೆಯ ಗೋಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಸದ್ಯ, ನಿಮಗೆ ಕೋಟೆ ಇಲ್ಲ" ಎಂದಳು.

ಕೆಳಗಿನ ಅಂಗಡಿಯಲ್ಲಿ ಒಂದು ಗುಟುಕು ರುಚಿ ನೋಡಿದೆವು. ನಮ್ಮಲ್ಲಿ ದ್ರಾಕ್ಷಿ ಎಂದರೆ ರಸ ಹೀರಿ ಸಿಪ್ಪೆ, ಬೀಜ ಉಗುಳುವ ಹಣ್ಣು. ಸಿಹಿಯಿರುತ್ತದೆಂದು ಬಾಯಿ ಸಿದ್ಧವಾಗಿತ್ತು. ಬಂದದ್ದು ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ದಪ್ಪಗಾಗುತ್ತದಲ್ಲ, ಹಾಗೆ. ಸುರಿಯುತ್ತಿದ್ದ ಹುಡುಗಿ ಮಗಳ ಮೂಲಕ ಹೇಗಿದೆಯೆಂದು ಕೇಳಿದಳು. ಒಗರು ಎಂಬುದಕ್ಕೆ ಇಟಾಲಿಯನ್ನಿನಲ್ಲಿ ಏನೆನ್ನುತ್ತಾರೆಂದು ಮಗಳಿಗೂ ಗೊತ್ತಿರಲಿಲ್ಲ. ನಾನು ನಾಲಿಗೆ ಚಾಚಿ ತೋರಿಸಿದೆ. ಅವಳಿಗೆ ಅರ್ಥವಾಯಿತು, ಖುಷಿಯಿಂದ ಇನ್ನಷ್ಟು ಸುರಿದಳು.

ರಾತ್ರಿ ಕಾಲಿಗೆ ಬಿಸಿನೀರು ಹಾಕಿಕೊಂಡು ಕೂತು, ಹೆಂಡತಿ ತೆಗೆದಿದ್ದ ಚಿತ್ರಗಳನ್ನು ನೋಡಿದೆ. ಎಲ್ಲವೂ ಏರಿನ ತುದಿಯಿಂದ ತೆಗೆದವು. ಹಸಿರು ಅಲೆ, ಬಾಚಿದ ಸಾಲು, ಬಿಳಿ ದಾರಿ, ದಾರಿಯ ಮೇಲೆ ಇರುವೆಯಷ್ಟು ನಾನು. ಚೆನ್ನಾಗಿದ್ದ ನಾಲ್ಕನ್ನು ಆರಿಸಿ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಊರಿನಲ್ಲಿ ತಮ್ಮ ಬೆಳಗಿನ ಜಾವಕ್ಕೇ ಎದ್ದು ಹಾಲು ಕರೆಯುವವನು. ಉತ್ತರ ಬಂತು: "ರೋಡು ಮಟ್ಟಸವಾಗೈತಲ್ಲಣ್ಣ. ಒಂದು ಅಪ್ಪೂ ಇಲ್ಲ. ಸೈಕ್ಲು ತಾನೇ ಓಡ್ತದೆ ಬಿಡು."