ಒಬ್ಬನೇ ಮಾಡಿದನಂತೆ!

ನಿನ್ನೆ ಸಂಜೆ ನಮ್ಮ ಆಫೀಸಿನಲ್ಲಿ ಒಂದು ಸನ್ಮಾನ ಇತ್ತು. ಸನ್ಮಾನ ಮಾಡಿಸಿಕೊಂಡ ಮಹಾಶಯರ ಹೆಸರು ಬೇಡ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ವರ್ಷಗಟ್ಟಲೆ ಎಳೆಯುತ್ತಿದ್ದ ಕೆಲಸವನ್ನು ಹಿಡಿದ ಹಟ ಬಿಡದೆ ಮುಗಿಸಿಕೊಟ್ಟಿದ್ದಾರೆ. ಮೈಕ್ ಕೈಗೆ ಬಂತು ನೋಡಿ. "ಯಾರ ಸಹಾಯವೂ ಇಲ್ಲದೆ, ಒಬ್ಬನೇ ನಿಭಾಯಿಸಿದೆ" ಅಂದರು. ಒಂದು ಸಲ ಅಲ್ಲ, ಮೂರು ಸಲ. ನಾನು ಎಣಿಸಿದೆ. ಎಣಿಸುವುದೇ ನನ್ನ ಹೊಟ್ಟೆಪಾಡು, ನಿಮಗೆ ಗೊತ್ತಲ್ಲ.

ಅವರ ಹೆಂಡತಿ ಎರಡನೇ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂತಿದ್ದರು. ಹೆಗಲ ಮೇಲೆ ನಿದ್ದೆ ಹೋದ ಮಗು. ತೊಡೆ ಮೇಲೆ ಗಂಡನ ಲ್ಯಾಪ್‌ಟಾಪ್ ಬ್ಯಾಗು, ಅದರ ಮೇಲೆ ಗಂಡನ ಕೋಟು, ಅದರ ಮೇಲೆ ಗಂಡನ ಫೋನು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಪಾಪ ಆಕೆಗೆ ಇನ್ನೊಂದು ಕೈ ಬಿಡುವಿರಲಿಲ್ಲ. ಒಂದೇ ಕೈಯಲ್ಲಿ ಬ್ಯಾಗಿನ ಮೇಲೆ ಟಪಟಪ ಬಡಿದರು. ನಗುತ್ತಲೇ ಬಡಿದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಒಬ್ಬನೇ ಅಂತೆ! ಹಾಗಾದರೆ ಆ ಮಗುವಿಗೆ ಹಾಲು ಕುಡಿಸಿದ್ದು ಯಾರು, ಆಫೀಸಿನ ಪ್ರಿಂಟರಾ?

ರಾತ್ರಿ ಮನೆಗೆ ಬಂದು ಇದನ್ನೇ ಹೇಳಿ ಹೇಳಿ ಇವರ ತಲೆ ತಿಂದೆ. ಇವರು ಎಲ್ಲವನ್ನೂ ಕೇಳಿಸಿಕೊಂಡು, "ಹೋಗ್ಲಿ ಬಿಡು, ನೀನೂ ಹೋದ ತಿಂಗಳು ಹೀಗೇ ಅಂದಿದ್ದೆ" ಅಂದುಬಿಟ್ಟರು. ಕೋಪ ಬಂತು. ಕೋಪ ಬಂದಿದ್ದು ಯಾಕೆ ಅಂದರೆ, ಅಂದಿದ್ದೆ.

ಹೋದ ತಿಂಗಳು ಹೇಗಿತ್ತು ಅನ್ನುವುದು ನಿಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಸಮಯ. ಆ ಹೊತ್ತಿಗೆ ನಾನು ಮನುಷ್ಯಳಾಗಿರುವುದಿಲ್ಲ. ಕರೆದರೆ ಕೇಳಿಸುವುದಿಲ್ಲ, ಕೇಳಿಸಿದರೂ ಹೊಳೆಯುವುದಿಲ್ಲ. ಅದರ ಮಧ್ಯೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಮಗಳ ಪರೀಕ್ಷೆ ಬೇರೆ. ಇವೆಲ್ಲ ಸಾಲದು ಅನ್ನುವ ಹಾಗೆ ನಮ್ಮ ಗುಂಡನಿಗೆ ಫಿಟ್ಸ್ ಶುರುವಾಯಿತು.

ಗುಂಡ ಅಂದರೆ ನಾಯಿ. ಹೊಸದಾಗಿ ಪರಿಚಯವಾದವರು ನನ್ನ ಮಗ ಅಂದುಕೊಳ್ಳುತ್ತಾರೆ. ಅವರನ್ನು ತಿದ್ದುವ ಗೋಜಿಗೆ ನಾನು ಹೋಗುವುದಿಲ್ಲ.

ಹನ್ನೊಂದು ವರ್ಷದ ಮುದುಕ ಅವನು. ಡಾಕ್ಟರು ಫಿನೋಬಾರ್ಬಿಟಾಲ್ ಮಾತ್ರೆ ಬರೆದುಕೊಟ್ಟರು. 12 ಗಂಟೆಗೊಂದು ಸಲ ಕೊಡಬೇಕು, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಮಾತ್ರೆ ತಪ್ಪಿದರೆ ಮತ್ತೆ ಫಿಟ್ಸ್ ಬರಬಹುದು, ಎರಡು ಸಲ ಕೊಟ್ಟರೆ ಅದೂ ಅಪಾಯ. ಅದಕ್ಕೇ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದೆವು. 31 ದಿನ, ದಿನಕ್ಕೆ ಎರಡು ಖಾನೆ. ಕೊಟ್ಟವರು ತಮ್ಮ ಬಣ್ಣದ ಪೆನ್ನಿನಲ್ಲಿ ಟಿಕ್ ಹಾಕಬೇಕು. ನಾನು ಕೆಂಪು, ಇವರು ನೀಲಿ, ಮಗಳು ಕಪ್ಪು. ಮನೆಯಲ್ಲಿ ಯಾರೂ ಇಲ್ಲದಾಗ ಬಂದು ಕೊಡುವ ಮೇಲಿನ ಮನೆ ಮೇಷ್ಟ್ರಿಗೆ ಹಸಿರು. ಹಸಿರು ಅವರೇ ಕೇಳಿ ತೆಗೆದುಕೊಂಡಿದ್ದು. ಕೆಲಸದಲ್ಲಿದ್ದಾಗ ಹೆಡ್ಮಾಸ್ಟರಿಗೆ ಮಾತ್ರ ಹಸಿರು ಇಂಕು ಇತ್ತಂತೆ, ಇವರಿಗೆ ಆ ಯೋಗ ಬರಲೇ ಇಲ್ಲವಂತೆ.

ನಿನ್ನೆ ರಾತ್ರಿ ಇವರ ಮಾತು ಚುಚ್ಚಿತಲ್ಲ, ಆ ಹಾಳೆ ಕಿತ್ತು ತಂದು ಮೇಜಿನ ಮೇಲೆ ಹರವಿದೆ. ನನ್ನ ಪಾಲು ಎಷ್ಟಿದೆ ಅಂತ ತೋರಿಸಿಯೇ ಬಿಡೋಣ ಅಂತ. ಎಣಿಸುವ ಮೊದಲು ಒಂದು ಆಟ ಆಡಿದೆವು. ಯಾರು ಎಷ್ಟು ಸಲ ಕೊಟ್ಟಿರಬಹುದು, ಅವರವರ ಪಾಲು ಅವರವರೇ ಅಂದಾಜು ಹೇಳಬೇಕು. ನಾನು ನೂರಕ್ಕೆ 50 ಅಂದೆ. ಇವರು 60. ಮಗಳು 40. ಅಲ್ಲಿಗೆ ಮೇಷ್ಟ್ರನ್ನು ಬಿಟ್ಟೇ ನೂರಕ್ಕೆ 150 ಆಯಿತು!

ಆಮೇಲೆ ಎಣಿಸಿದೆವು. 62 ಖಾನೆಗಳಲ್ಲಿ ನೀಲಿ 21, ಹಸಿರು 18, ಕಪ್ಪು 16. ಕೆಂಪು 7.

ಏಳು. ಮತ್ತೆ ಎಣಿಸಿದೆ. ಏಳೇ.

ಅರ್ಧ ನಾನೇ ಮಾಡಿದೆ ಅಂತ ಆಣೆ ಮಾಡಿ ಹೇಳುತ್ತಿದ್ದೆ ನಾನು. ಸುಳ್ಳು ಹೇಳುವ ಉದ್ದೇಶ ಖಂಡಿತ ಇರಲಿಲ್ಲ. ಆ ಏಳು ಸಲವೂ ನನಗೆ ಚೆನ್ನಾಗಿ ನೆನಪಿದೆ. ಗುಂಡ ಬಾಯಿ ಬಿಡದೆ ಸತಾಯಿಸಿದ್ದು, ಮಾತ್ರೆ ಉರುಳಿ ಸೋಫಾದ ಕೆಳಗೆ ಹೋಗಿದ್ದು, ಪೊರಕೆ ಹಿಡಿದು ನಾನು ನೆಲಕ್ಕೆ ಮಲಗಿ ಹುಡುಕಿದ್ದು. ಉಳಿದ 55 ಸಲ ನಾನು ಅಲ್ಲಿ ಇರಲೇ ಇಲ್ಲ, ನೆನಪಿರುವುದು ಎಲ್ಲಿಂದ?

ಇದಕ್ಕೆ ಹಳೆಯ ಸಂಶೋಧನೆಯೊಂದಿದೆ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ್ದು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ನೂರನ್ನು ದಾಟುತ್ತಿತ್ತು. ನಾವು ಮಾಡಿದ್ದು ನಮಗೆ ಸುಲಭವಾಗಿ ನೆನಪಿಗೆ ಬರುತ್ತದೆ, ಬೇರೆಯವರು ಮಾಡಿದ್ದು ಬರುವುದಿಲ್ಲ, ಅಷ್ಟೇ ವಿಷಯ. ತಮಾಷೆ ಏನು ಅಂದರೆ, ಜಗಳ ತೆಗೆಯುವುದರಲ್ಲೂ ಇಬ್ಬರೂ ತಮ್ಮ ಪಾಲನ್ನು ಜಾಸ್ತಿಯೇ ಹೇಳಿದ್ದರಂತೆ. ಇದನ್ನು ಓದಿ ಹೇಳಿದಾಗ ಇವರು, "ಅದರಲ್ಲಿ ಮಾತ್ರ ನಿನ್ನ ಲೆಕ್ಕ ಸರಿಯಾಗಿರುತ್ತೆ" ಅಂದರು. ಇರಲಿ.

ಲೆಕ್ಕ ಬರೆಯುವವಳಾಗಿ ನನಗೆ ನಾಚಿಕೆಯಾಗಿದ್ದು ಇದಕ್ಕೇ. ನಾನು ಪಟ್ಟ ಕಷ್ಟವೆಲ್ಲ ಖರ್ಚಿನ ಕಡೆ ಪೈಸೆ ಬಿಡದೆ ಬರೆದಿದೆ. ಬೇರೆಯವರಿಂದ ಬಂದದ್ದು ಜಮೆಯ ಕಡೆ ಒಂದು ಸಾಲೂ ಇಲ್ಲ. ಆಫೀಸಿನಲ್ಲಿ ಯಾರಾದರೂ ಹೀಗೆ ಪುಸ್ತಕ ಬರೆದಿಟ್ಟಿದ್ದರೆ ಅವರ ಮುಖಕ್ಕೆ ಎಸೆಯುತ್ತಿದ್ದೆ.

ಆ ಹಸಿರು ಟಿಕ್‌ಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ನಮ್ಮ ಮೂವರದ್ದು ಬರೀ ಗೀಟು. ಮೇಷ್ಟ್ರದ್ದು ಹಾಗಲ್ಲ. ಪಕ್ಕದಲ್ಲಿ ಸಮಯ ಬರೆದಿದ್ದಾರೆ. 8.00. 8.02. ಒಂದು ದಿನ 8.10, ಅದಕ್ಕೆ ಕಾರಣವೂ ಇದೆ: "ಬೀಗ ತೆಗೆಯಲು ತಡವಾಯಿತು." ಇನ್ನೊಂದು ಖಾನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ: "ಉಗುಳಿದ. ಒರೆಸಿ ಮತ್ತೆ ಕೊಟ್ಟೆ. ನುಂಗಿದ್ದು ಖಚಿತ." 19ನೇ ತಾರೀಕಿನ ರಾತ್ರಿ: "ಬಾಗಿಲ ಕಡೆ ನೋಡುತ್ತಾ ಮಲಗಿದ್ದ. ನೀವು ಬರುವವರೆಗೆ ಕೂತಿದ್ದೆ." ಅವತ್ತು ನಾವು ಬಂದಾಗ ರಾತ್ರಿ ಹನ್ನೊಂದೂವರೆ. ಮೂರೂವರೆ ಗಂಟೆ ಕೂತಿದ್ದಾರೆ ಮನುಷ್ಯ. ನಾನು ಬಾಗಿಲಲ್ಲಿ "ಇನ್ನೂ ಇದ್ದೀರಾ ಮೇಷ್ಟ್ರೇ?" ಅಂತ ಕೇಳಿದ್ದೆ. ಕೇಳಿ ಸೀದಾ ಕಂಪ್ಯೂಟರ್ ಮುಂದೆ ಕೂತಿದ್ದೆ. ಆ ಟಿಪ್ಪಣಿಯನ್ನು ನಾನು ಓದಿದ್ದು ನಿನ್ನೆ.

ಇನ್ನೂ ಕೆಟ್ಟದ್ದು ಇದೆ. ಬರೆಯಲೋ ಬೇಡವೋ ಅಂತ ಇಲ್ಲಿಗೆ ಬರುವವರೆಗೂ ಯೋಚಿಸುತ್ತಿದ್ದೆ.

ಅಪ್ಪನ ಆಪರೇಷನ್ ಆದ ಮೇಲೆ ಅಕ್ಕ ರಜೆ ಹಾಕಿ ಬಂದು 20 ದಿನ ನಮ್ಮ ಮನೆಯಲ್ಲಿದ್ದಳು. ತನ್ನ ಮನೆ, ತನ್ನ ಮಕ್ಕಳನ್ನು ಬಿಟ್ಟು. ಒಂದು ಮಧ್ಯಾಹ್ನ ಗೆಳತಿಯೊಬ್ಬಳು ಫೋನ್ ಮಾಡಿದಳು. ನಾನು ಅಪ್ಪನ ರೂಮಿನ ಬಾಗಿಲಿಗೆ ಒರಗಿಕೊಂಡು, "ಏನು ಹೇಳ್ಲಿ, ಎಲ್ಲಾ ನನ್ನ ತಲೆ ಮೇಲೇ ಬಿದ್ದಿದೆ, ಒಬ್ಬಳೇ ಸಾಯ್ತಾ ಇದೀನಿ" ಅಂದೆ. ಅಕ್ಕ ಅದೇ ರೂಮಿನಲ್ಲಿ ಅಪ್ಪನನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ತಲೆ ಎತ್ತಲಿಲ್ಲ. ಬಟ್ಟೆಯ ಮೂಲೆಯನ್ನು ಎಳೆದು ಹಾಸಿಗೆಯ ಕೆಳಗೆ ಸಿಕ್ಕಿಸಿದಳು, ಅಂಗೈಯಿಂದ ಸುಕ್ಕು ತೀಡಿದಳು. ಸುಕ್ಕಿಲ್ಲದ ಜಾಗವನ್ನೂ ಇನ್ನೊಂದು ಸಲ ತೀಡಿದಳು. ಅಪ್ಪ ನನ್ನನ್ನೇ ನೋಡುತ್ತಿದ್ದರು.

ಮೈಕ್ ಹಿಡಿದವರಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ. ಅವರಿಗೆ ಮೈಕ್ ಇತ್ತು.

ಈಗ ಕೆಲವರು ಕೇಳುತ್ತೀರಿ, ನಿಜವಾಗಿಯೂ ಒಂಟಿಯಾಗಿ ಹೊರೆ ಹೊತ್ತವರು ಇಲ್ಲವಾ ಅಂತ. ಇದ್ದಾರೆ. ನನಗೇ ಇಬ್ಬರು ಗೊತ್ತು. ಅವರು ಯಾವತ್ತೂ ಸಭೆಯಲ್ಲಿ ನಿಂತು ಹಾಗೆ ಹೇಳಿದ್ದು ನಾನು ಕೇಳಿಲ್ಲ. ಹೇಳಲು ಅವರಿಗೆ ಪುರುಸೊತ್ತಿಲ್ಲ. ಒಬ್ಬನೇ ಅಂತ ಕೂಗುವವರ ಅಂಗಿಯನ್ನು ಸಾಮಾನ್ಯವಾಗಿ ಬೇರೆ ಯಾರೋ ಇಸ್ತ್ರಿ ಮಾಡಿರುತ್ತಾರೆ. ಇನ್ನು "ಮನೆಯವರಿಗೆಲ್ಲ ಯಾರು ಥ್ಯಾಂಕ್ಸ್ ಹೇಳ್ತಾರೆ, ಅವರಿಗೆ ಗೊತ್ತಿರುತ್ತೆ ಬಿಡಿ" ಅನ್ನುವ ವಾದ. ಇದನ್ನು ನಾನೂ ಇಪ್ಪತ್ತು ವರ್ಷ ಮಾಡಿದ್ದೇನೆ. ಬಹಳ ಅನುಕೂಲದ ವಾದ. ಗೊತ್ತಿರುತ್ತೆ ಅಂತ ಹೇಳುವವರು ಯಾವಾಗಲೂ ಸಾಲ ಉಳಿಸಿಕೊಂಡವರೇ ಆಗಿರುತ್ತಾರೆ, ಗಮನಿಸಿ ನೋಡಿ.

ನಿನ್ನೆ ರಾತ್ರಿಯೇ ಅಕ್ಕನಿಗೆ ಮೆಸೇಜ್ ಬರೆದೆ. ಬರೆದೆ, ಅಳಿಸಿದೆ. ಮತ್ತೆ ಬರೆದೆ, ತೀರಾ ನಾಟಕ ಅನ್ನಿಸಿತು, ಅಳಿಸಿದೆ. ಕೊನೆಗೆ, "ಅಪ್ಪನ ಹಾಸಿಗೆ ಬಟ್ಟೆ ನೀನು ದಿನಾ ಬದಲಿಸಿದ್ದು ನನಗೆ ನೆನಪಿದೆ. ಅವತ್ತು ಫೋನಲ್ಲಿ ಹಾಗೆ ಅಂದಿದ್ದು ತಪ್ಪು" ಅಂತ ಕಳಿಸಿ, ಫೋನನ್ನು ದಿಂಬಿನ ಕೆಳಗೆ ಹಾಕಿ ಕೂತೆ. ಎರಡು ನಿಮಿಷಕ್ಕೆ ಉತ್ತರ ಬಂತು. "ಯಾಕೆ? ಹುಷಾರಿದ್ದೀಯಾ?" ಅದರ ಹಿಂದೆಯೇ ಫೋನು. ಎತ್ತಿದರೆ ಅಕ್ಕ ಮಾತಾಡಲಿಲ್ಲ. ಮೂಗು ಏರಿಸಿದ್ದು ಮಾತ್ರ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪನ ಬೆನ್ನಿಗೆ ಪೌಡರ್ ಹಾಕೋದು ಮರೀಬೇಡ" ಅಂತ ಹೇಳಿ ಇಟ್ಟಳು.

ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವವರು 2018ರಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ಜನರ ಕೈಯಲ್ಲಿ ಕೃತಜ್ಞತೆಯ ಪತ್ರ ಬರೆಸಿದರು. ಓದುವವರಿಗೆ ಮುಜುಗರ ಆಗುತ್ತದೆ ಅಂತ ಬರೆದವರು ಹೆದರಿದ್ದರು. ಅಷ್ಟೇನೂ ಮುಜುಗರ ಆಗಿರಲಿಲ್ಲ. ಎಷ್ಟು ಖುಷಿಯಾಗಬಹುದು ಅಂತ ಅಂದಾಜು ಮಾಡಿದ್ದರೋ ಅದಕ್ಕಿಂತ ಜಾಸ್ತಿಯೇ ಆಗಿತ್ತು. ಬರೆಯುವವರು ಮಾತು ಚೆನ್ನಾಗಿದೆಯಾ ಅಂತ ಒದ್ದಾಡುತ್ತಾರೆ, ಓದುವವರು ಅದನ್ನೆಲ್ಲ ಅಷ್ಟು ನೋಡುವುದಿಲ್ಲ. ಎರಡು ಸಲ ಅಳಿಸಿದವಳಿಗೆ ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ?

ಗುಂಡನಿಗೆ ಮಾತ್ರ ಏನು ಬರೆಯುವುದು ಅಂತ ಗೊತ್ತಾಗಲಿಲ್ಲ. ಇಡೀ ತಿಂಗಳು ಎಲ್ಲರೂ ನನ್ನನ್ನು "ಮುಗೀತಾ?" ಅಂತ ಕೇಳಿದವರೇ. ಬಾಸ್ ಕೇಳಿದರು, ಮಗಳು ಕೇಳಿದಳು, ಅಪ್ಪನೂ ಕೇಳಿದರು. ಕೇಳದೇ ಇದ್ದವನು ಅವನೊಬ್ಬನೇ. ರಾತ್ರಿ ಒಂದು ಗಂಟೆಗೂ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿರುತ್ತಿದ್ದ. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಫಿಟ್ಸ್ ಬಂದು ಹೋದ ಮೇಲೆ ಅವನು ಮನೆಯವರ ಗುರುತೇ ಇಲ್ಲದವನ ಹಾಗೆ ಸ್ವಲ್ಪ ಹೊತ್ತು ಗೋಡೆಯಿಂದ ಗೋಡೆಗೆ ಅಲೆಯುತ್ತಿದ್ದ. ಆಮೇಲೆ ಗುರುತು ಹತ್ತಿ, ಬಂದು ಅದೇ ಪಾದದ ಮೇಲೆ ಗದ್ದ ಇಡುತ್ತಿದ್ದ.

ಅಂಥ ಒಂದು ರಾತ್ರಿ ನಿದ್ದೆ ಬಾರದೆ ಓದುತ್ತಿದ್ದಾಗ ಸಿಕ್ಕ ವಿಷಯ. ಜರ್ಮನಿಯ ಬಾನ್ ನಗರದ ಹತ್ತಿರ ಒಬರ್‌ಕಾಸೆಲ್ ಅನ್ನುವ ಕಡೆ 1914ರಲ್ಲಿ ಕಲ್ಲು ಗಣಿಯಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ. ಮರಿಗೆ ಸುಮಾರು ಏಳು ತಿಂಗಳು. ಅದರ ಹಲ್ಲು ಪರೀಕ್ಷಿಸಿದವರು, ಬಹುಶಃ ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನುವ ಕಾಯಿಲೆ ಬಂದಿತ್ತು, ಮನುಷ್ಯರು ಕೂತು ಆರೈಕೆ ಮಾಡದಿದ್ದರೆ ವಾರಗಟ್ಟಲೆ ಬದುಕುತ್ತಿರಲಿಲ್ಲ ಅಂತ 2018ರಲ್ಲಿ ಬರೆದರು. ಹಿಮಯುಗದ ಕೊನೆಯ ಕಾಲ. ಬೇಟೆ ಸಿಕ್ಕರೆ ಊಟ. ಅವರಿಗೂ ವರ್ಷದ ಲೆಕ್ಕ ಮುಗಿಸುವಷ್ಟೇ ತರಾತುರಿ ಇದ್ದಿರಬೇಕು. ಆ ಕಾಯಿಲೆ ಬಿದ್ದ ಮರಿಯಿಂದ ಬೇಟೆಗಂತೂ ಉಪಯೋಗ ಇರಲಿಲ್ಲ. ಆದರೂ ಯಾರೋ ಅದರ ಬಾಯಿ ಒರೆಸಿ, ನೀರು ಕುಡಿಸಿ, ಬೆಚ್ಚಗಿಟ್ಟಿದ್ದಾರೆ. ಅವರೂ ಸರದಿ ಮೇಲೆ ಮಾಡಿರಬಹುದಾ ಅಂತ ಯೋಚಿಸಿದೆ. ಅವರಲ್ಲೂ ಒಬ್ಬ ಮೇಷ್ಟ್ರು ಇದ್ದರೇನೋ.

ಇವತ್ತು ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಏನು ಹೇಳಬೇಕು ಅಂತ ಮನಸ್ಸಲ್ಲೇ ಜೋಡಿಸಿಕೊಂಡಿದ್ದೆ. 19ನೇ ತಾರೀಕಿನಿಂದ ಶುರು ಮಾಡೋಣ ಅಂತ. ಬಾಗಿಲು ತೆರೆಯಿತು. ಗುಂಡ ನಮ್ಮಿಬ್ಬರ ಮಧ್ಯೆ ನುಸುಳಿ, ಸೀದಾ ಒಳಗೆ ಹೋಗಿ, ಅವರ ಕುರ್ಚಿಯ ಕೆಳಗೆ ಮಲಗಿದ. ತನ್ನದೇ ಜಾಗ ಅನ್ನುವ ಹಾಗೆ. ಅಲ್ಲೊಂದು ಹಳೆಯ ಟವೆಲ್ ಮಡಿಸಿ ಹಾಸಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

"ಮೇಷ್ಟ್ರೇ, ನಿಮಗೆ ಒಂದು ಮಾತು..." ಅಂದೆ.

"ನಾನೇ ಕೆಳಗೆ ಬರೋಣ ಅಂತಿದ್ದೆ ಕಣಮ್ಮ," ಅಂದರು ಅವರು, ಸ್ವಲ್ಪ ಮುನಿಸಿಕೊಂಡೇ. "ಹೊಸ ತಿಂಗಳು ಹುಟ್ಟಿ ಎರಡು ದಿನ ಆಯ್ತು. ಹಾಳೆ ಅಂಟಿಸಿಲ್ವಲ್ಲ ನೀನು? ನಾನು ಎಲ್ಲಿ ಬರೀಲಿ?"

ನನ್ನ ಮಾತೆಲ್ಲ ಅಲ್ಲೇ ಉಳಿಯಿತು. ಕೆಳಗೆ ಬಂದು ಸ್ಕೇಲ್ ಹಿಡಿದು ಗೆರೆ ಎಳೆಯುತ್ತಾ ಕೂತಿದ್ದೇನೆ, ಮಧ್ಯೆ ಮಧ್ಯೆ ಇದನ್ನು ಟೈಪ್ ಮಾಡುತ್ತಿದ್ದೇನೆ. ಈ ಸಲ ಖಾನೆ ಸ್ವಲ್ಪ ಅಗಲ ಮಾಡಿದ್ದೇನೆ. ಹೋದ ತಿಂಗಳು ಪಾಪ, ಮೇಷ್ಟ್ರಿಗೆ ಬರೆಯಲು ಜಾಗ ಸಾಲದೆ ಅಕ್ಷರ ಅಂಚಿಗೆ ಹತ್ತಿಹೋಗಿತ್ತು.