ದುರ್ಗದ ಬೈಲಿನ ಸಂಬಳವಿಲ್ಲದ ಸೈನ್ಯ

ಹುಬ್ಬಳ್ಳಿಯಲ್ಲಿ ಸೋನಿ ಕಂಪನಿಯ ಸೈನ್ಯ, ಅಂದರೆ ಅದರ ಪ್ಲೇಸ್ಟೇಷನ್ ಎಂಬ ವಿಡಿಯೊ ಗೇಮ್ ಯಂತ್ರದ ಭಕ್ತಗಣ, ಸಂಜೆ ಏಳರ ಮೇಲೆ ದುರ್ಗದ ಬೈಲಿನಲ್ಲಿ ಜಮಾಯಿಸುತ್ತದೆ. ಎಕ್ಸ್‌ಬಾಕ್ಸ್ ಯಂತ್ರ ಮಾಡುವ ಮೈಕ್ರೋಸಾಫ್ಟ್‌ನ ಸೈನ್ಯವೂ ಅಲ್ಲೇ, ಅದೇ ಮಿರ್ಚಿ ಗಾಡಿಯ ಆ ಕಡೆಗೆ. ಎರಡೂ ಪಾಳೆಯದವರಿಗೆ ಪಗಾರ ಇಲ್ಲ, ಪಿಎಫ್ ಇಲ್ಲ, ಆಯುಧವನ್ನೂ ಸ್ವಂತ ರೊಕ್ಕದಿಂದಲೇ ತರಬೇಕು. ಆದರೂ ನಿಷ್ಠೆ ನೋಡಬೇಕು. "ನಮ್ಮಲ್ಲೆ ಗಾಡ್ ಆಫ್ ವಾರ್ ಐತಿ, ನಿಮ್ಮಲ್ಲೆ ಏನೈತಿ ತೋರಿಸ್ಲೇ" ಅಂತ ಒಬ್ಬ ಏರಿ ಬಂದರೆ, "ನಮ್ಮ ಗೇಮ್ ಪಾಸ್‌ನ್ಯಾಗ ತಿಂಗಳ ಚಂದಾ ಕೊಟ್ರ ನೂರಾರು ಆಟ ಅದಾವು, ಒಂದೊಂದಕ್ಕ ನಿಮ್ಮಂಗ ಐದೈದ ಸಾವಿರ ಸುರಿಯೂದಿಲ್ಲ" ಅಂತ ಇನ್ನೊಬ್ಬ. ನಡುವೆ ಗಿರಮಿಟ್ಟು ಆರಿ ಮೆತ್ತಗಾಗುತ್ತಿರುತ್ತದೆ.

ಒಂದು ಕಾಲಕ್ಕೆ ಈ ಯುದ್ಧ ಖರೇವಂದ್ರ ಖರೇ ನಡೆದಿತ್ತು. 1995ರ ಮೇ ತಿಂಗಳು, ಲಾಸ್ ಏಂಜಲೀಸ್‌ನ ವಿಡಿಯೊ ಗೇಮ್ ಮೇಳದಲ್ಲಿ ಸೋನಿಯ ಆಗಿನ ಎದುರಾಳಿ ಸೆಗಾ ಕಂಪನಿಯವರು ತಮ್ಮ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಅಂತ ಸಾರಿದರು. ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ ತಮ್ಮ ಪ್ಲೇಸ್ಟೇಷನ್ ಬೆಲೆ "299" ಅಂದವರೇ ಇಳಿದು ಹೋದರು. ಅಷ್ಟೇ ಭಾಷಣ. ನಮ್ಮ ಭಾಗದ ಯಾವ ಮುಖಂಡರಿಂದಲೂ ಇಷ್ಟು ಚಿಕ್ಕ ಭಾಷಣ ಕೇಳುವ ಭಾಗ್ಯ ನಮಗೆ ಬಂದಿಲ್ಲ. ಮುಂದೆ ಇನ್ನೊಂದು ಗೇಮ್ ಕಂಪನಿ ನಿಂಟೆಂಡೊ ಕಾರ್ಟ್ರಿಜ್ ಅನ್ನುವ ಚಿಪ್ಪಿನ ಡಬ್ಬಿಗೇ ಜೋತುಬಿತ್ತು, ಫೈನಲ್ ಫ್ಯಾಂಟಸಿ 7 ಅನ್ನುವ ಆಟ ಸಿಡಿಯಲ್ಲಿ ಜಾಗ ಬಹಳ ಅಂತ 1997ರಲ್ಲಿ ಪ್ಲೇಸ್ಟೇಷನ್ ಕಡೆ ನಡೆಯಿತು. ಆಟ ಎಲ್ಲೋ ಗಿರಾಕಿ ಅಲ್ಲೇ. ಯಂತ್ರ ನಷ್ಟಕ್ಕೆ ಹೋದರೂ ಚಿಂತೆ ಇಲ್ಲ, ಬ್ಯಾರೆಯವರ ಆಟ ಮಾರಿದಾಗಲೂ ನೂರಕ್ಕೆ ಮೂವತ್ತರ ಹತ್ತಿರ ಕೈಗೆ ಬರುತ್ತದೆ ಅನ್ನುವುದು ಒಳಗಿನ ಲೆಕ್ಕ.

ಗೆದ್ದವರಿಗೆ ಪಿತ್ತ ನೆತ್ತಿಗೇರಿತು. ಪ್ಲೇಸ್ಟೇಷನ್ 3ಕ್ಕೆ ಮೊದಲು ಸೋನಿಯ ಪ್ಲೇಸ್ಟೇಷನ್ ಪಿತಾಮಹ ಕೆನ್ ಕುಟರಾಗಿ, ಜನ ಇನ್ನಷ್ಟು ತಾಸು ದುಡಿದಾದರೂ ಇದನ್ನು ಕೊಳ್ಳಬೇಕು ಅಂದುಕೊಳ್ಳಲಿ ಅಂತ ಅಪ್ಪಣೆ ಕೊಡಿಸಿದ್ದರು. 2006ರಲ್ಲಿ ಅದರ ದೊಡ್ಡ ಮಾದರಿ 599 ಡಾಲರಿಗೆ ಬಂತು. ಅಮೆರಿಕದವರು ಆ ಮಾತಿಗೆ ನಕ್ಕರು. ಕೊಪ್ಪೀಕರ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮೊಬ್ಬ ಯೋಧ ಮಾತ್ರ ಇಂದಿಗೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಕಂತು ಕಟ್ಟಲು ಐತವಾರವೂ ಅಂಗಡಿಗೆ ಹೋಗುತ್ತಾನೆ. ಹಿಂಗಾಗಿ ಆಡಲಿಕ್ಕೆ ಪುರಸೊತ್ತಿಲ್ಲ. ಯಂತ್ರ ಸುಸ್ಥಿತಿಯಲ್ಲಿದೆ.

ನನಗೆ ಭಾಳ ಸೇರಿದ್ದು 2013ರ ಪ್ರಸಂಗ. ಎಕ್ಸ್‌ಬಾಕ್ಸ್ ಒನ್ ಮೇಲೆ ಹಳೆ ಡಿಸ್ಕ್ ಕೈ ಬದಲಿಸಲಿಕ್ಕೆ ನೂರೆಂಟು ನಿರ್ಬಂಧ ಹಾಕುತ್ತೇವೆ ಅಂತ ಮೈಕ್ರೋಸಾಫ್ಟ್‌ನವರು ಸಾರಿದರು. ಸೋನಿ ತಕ್ಷಣ ಒಂದು ಪುಟ್ಟ ವಿಡಿಯೊ ಬಿಟ್ಟಿತು: ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಅವನು ಥ್ಯಾಂಕ್ಸ್ ಅನ್ನುತ್ತಾನೆ, ಮುಗಿಯಿತು. ಬೆಲೆಯೂ ಎದುರಾಳಿಗಿಂತ ನೂರು ಡಾಲರ್ ಕಡಿಮೆ. ಅವಳಿ ನಗರದಲ್ಲಿ ಆ ವಿಡಿಯೊ ಅಗತ್ಯವೇ ಇರಲಿಲ್ಲ. ಇಲ್ಲಿ ಒಂದು ಡಿಸ್ಕ್ ವಿದ್ಯಾನಗರದಲ್ಲಿ ಹುಟ್ಟಿ, ಕೇಶ್ವಾಪುರದಲ್ಲಿ ಬೆಳೆದು, ಚಿಗರಿ ಬಸ್ ಹತ್ತಿ ಧಾರವಾಡದ ಸಪ್ತಾಪುರಕ್ಕೆ ಹೋಗುತ್ತದೆ. ಡಬ್ಬಿಯ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದು ಹೊಡೆದುಹಾಕಿದ ಮೂವರ ಹೆಸರು, ಡಿಸ್ಕಿನ ಬೆನ್ನ ಮೇಲೆ ಗೀರು ಹೋಗಲಿ ಅಂತ ತಿಕ್ಕಿದ ಟೂತ್‌ಪೇಸ್ಟಿನ ಬಿಳಿ ಗೆರೆ. ವಾಸನೆ ಇನ್ನೂ ಪುದೀನಾದ್ದೇ.

ಅದೇ ಸೋನಿ 2024ರ ನವೆಂಬರಿನಲ್ಲಿ 700 ಡಾಲರಿನ ಪ್ಲೇಸ್ಟೇಷನ್ 5 ಪ್ರೊ (ಪಿಎಸ್5 ಪ್ರೊ) ತಂದಿತು. ಡಿಸ್ಕ್ ಹಾಕುವ ಕಂಡಿಯೇ ಇಲ್ಲ! ಬೇಕಾದರೆ ಬ್ಯಾರೆ ರೊಕ್ಕ ಕೊಟ್ಟು ಹಚ್ಚಿಸಿಕೊಳ್ಳಬೇಕು. ಕೈಗೆ ಕೈ ಕೊಡುವ ವಿಡಿಯೊ ಮಾತ್ರ ಇನ್ನೂ ಫುಕಟ್ ನೋಡಲಿಕ್ಕೆ ಸಿಗುತ್ತದೆ.

ಮೊದಲೆಲ್ಲ ಯಂತ್ರ ಹಳೆಯದಾದಂತೆ ದರ ಇಳಿಯುತ್ತಿತ್ತು. ಪಿಎಸ್2 ಅಮೆರಿಕದಲ್ಲಿ 299 ಡಾಲರಿಗೆ ಹುಟ್ಟಿ 2009ರಲ್ಲಿ 99ಕ್ಕೆ ಇಳಿದಿತ್ತು. ಈಗ ವಯಸ್ಸಾದಂತೆ ಮರ್ಯಾದೆ ಏರುತ್ತದೆ. ನಮ್ಮ ದೇಶಕ್ಕೆ 2021ರಲ್ಲಿ 49,990ಕ್ಕೆ ಬಂದ ಪಿಎಸ್5 ಮರುವರ್ಷವೇ 54,990 ಆಯಿತು. 2025ರಲ್ಲಿ ಅಮೆರಿಕದೊಳಗೆ ಎಕ್ಸ್‌ಬಾಕ್ಸ್ ಎರಡು ಸಲ ಏರಿತು, ಪಿಎಸ್5 ಒಂದು ಸಲ, ಗೇಮ್ ಪಾಸ್ ಅಲ್ಟಿಮೇಟ್ ತಿಂಗಳಿಗೆ 20 ಡಾಲರಿನಿಂದ 30ಕ್ಕೆ ಹಾರಿತು. ದರ ಇಳಿಸಿ ಹೊಡೆದಾಡುತ್ತಿದ್ದವರು ಏರಿಸುವಾಗ ಅಣ್ಣತಮ್ಮಂದಿರಾದರು. ನಿಂಟೆಂಡೊ ಸುದ್ದಿ ಬಿಡ್ರಿ, ಅದರ ಭಕ್ತರು ಇಲ್ಲಿ ದುಬೈ ಮಾವನ ಸೂಟ್‌ಕೇಸಿನ ಮೇಲೆ ಜೀವ ಹಿಡಿದಿದ್ದಾರೆ.

ಇಷ್ಟರ ಮೇಲೆ 2025ರ ಅಕ್ಟೋಬರಿನಲ್ಲಿ ಸಾಕ್ಷಾತ್ ಹೇಲೊ ಆಟ, ಎಕ್ಸ್‌ಬಾಕ್ಸಿನ ಕುಲದೈವ, ಪ್ಲೇಸ್ಟೇಷನ್‌ಗೂ ಬರುತ್ತದೆ ಅಂತ ಘೋಷಣೆಯಾಯಿತು. ಕೋಟೆಯ ಬಾಗಿಲನ್ನು ದೊರೆಯೇ ತೆಗೆದಿಟ್ಟ. ಸುದ್ದಿಯನ್ನು ಗಾಡಿ ಹತ್ತಿರ ಮುಟ್ಟಿಸಿದಾಗ ಎಕ್ಸ್‌ಬಾಕ್ಸ್ ಪಾಳೆಯದ ಮುಖ್ಯಸ್ಥ ಮಿರ್ಚಿ ಮುರಿಯುತ್ತಿದ್ದ ಕೈ ನಿಲ್ಲಿಸಲೇ ಇಲ್ಲ.

"ಸೋತಿಲ್ರಿ ನಾವು. ಮಗಳನ್ನ ಆ ಮನಿಗೆ ಕೊಟ್ಟೀವಿ. ಇನ್ನ ಮ್ಯಾಲೆ ಅವರು ಬೀಗರು."

"ಹಂಗಾದ್ರ ಜಗಳ ಮುಗೀತಲ್ಲೋ?" ಅಂದೆ.

"ಬೀಗರಾದ ಮ್ಯಾಲೆ ಎಲ್ಲೀದ್ರಿ ಮುಗಿಯೂದು," ಅಂದು, ಆ ಕಡೆ ತಿರುಗಿ ಕೂಗಿದ: "ಏ, ನಿಮ್ಮ ಪ್ರೊದಾಗ ಡಿಸ್ಕ್ ಎಲ್ಲಿ ತುರುಕ್ತೀರಲೇ?"